ದಳದ ಚರಿತ್ರೆ ಎಂದರೆ ಬರೀ ಲಾರಿ, ಪಂಪುಗಳಲ್ಲ

ಮಾನ್ಯ ಸಂಪಾದಕರೇ,

ಹಳ್ಳಿಗಳ ಸ್ವಯಂಸೇವಕ ಅಗ್ನಿಶಾಮಕ ದಳಗಳ ಇತಿಹಾಸ ಕುರಿತು ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ಕೈಪಂಪು ಯಾವಾಗ ಬಂತು, ಉಗಿಯಂತ್ರ ಯಾವಾಗ, ಮೋಟಾರು ಲಾರಿ ಯಾವಾಗ ಎಂಬುದೆಲ್ಲ ಅಚ್ಚುಕಟ್ಟಾಗಿದೆ, ಚಿತ್ರಗಳೂ ಚೆನ್ನಾಗಿವೆ. ಆದರೆ ಇಡೀ ಬರಹದಲ್ಲಿ ಮನುಷ್ಯರೇ ಇಲ್ಲ. ದಳಗಳು ತಾವೇ ತರುವ ಸ್ಮರಣ ಸಂಚಿಕೆಗಳದ್ದೂ ಹೆಚ್ಚಾಗಿ ಇದೇ ಪಾಡು: ಹೊಸ ಲಾರಿಯ ಮುಂದೆ ಸಾಲಾಗಿ ನಿಂತವರ ಫೋಟೊ, ಅದರಡಿ ಲಾರಿಯ ಮಾಡೆಲ್ಲಿನ ಹೆಸರು.

ಯಂತ್ರವಿಲ್ಲದೆಯೂ ದಳ ನಡೆದೀತು, ಬೆಂಕಿ ಬಿದ್ದಾಗ ಯಾರು ಏನು ಮಾಡಬೇಕೆಂದು ಮೊದಲೇ ಮಾತಾಗಿರದಿದ್ದರೆ ನಡೆಯದು. 1736ರ ಡಿಸೆಂಬರಿನಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಮತ್ತು ಗೆಳೆಯರು ಫಿಲಡೆಲ್ಫಿಯಾದಲ್ಲಿ ಕಟ್ಟಿದ ಯೂನಿಯನ್ ಫೈರ್ ಕಂಪನಿಯ ಕರಾರನ್ನೇ ನೋಡಿ. ಅದು ಪಟ್ಟಣದ ದಳ ನಿಜ, ಆದರೆ ಅಮೆರಿಕದ ಹಳ್ಳಿಗಳ ಎಷ್ಟೋ ದಳಗಳು ಮುಂದೆ ಹಿಡಿದದ್ದು ಅದೇ ದಾರಿ. ಪ್ರತಿ ಸದಸ್ಯ ಚರ್ಮದ ಬಕೆಟ್‌ಗಳನ್ನೂ ಗಟ್ಟಿ ಚೀಲ, ಬುಟ್ಟಿಗಳನ್ನೂ ಸದಾ ಸಜ್ಜಾಗಿ ಇಟ್ಟುಕೊಂಡಿರಬೇಕು. ಬಕೆಟ್ ನೀರಿಗೆ, ಚೀಲ ಮನೆಯ ಸಾಮಾನಿಗೆ. ಉರಿಯುವ ಮನೆಯಿಂದ ಸಾಮಾನು ಹೊರತೆಗೆದು ಕಳ್ಳರ ಕೈಗೆ ಸಿಗದಂತೆ ಕಾಯುವುದೂ ಆಗ ದಳದ್ದೇ ಕೆಲಸ. ಆ ಕಾಲದ ಸ್ವಯಂಸೇವಕರು ಮಂಚ ಬಿಚ್ಚುವ ಕೀಲಿಯೊಂದನ್ನು ಜೊತೆಗೆ ಒಯ್ಯುತ್ತಿದ್ದರು, ಏಕೆಂದರೆ ಎಷ್ಟೋ ಮನೆಗಳಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ವಸ್ತುವೇ ಮಂಚ. ತಿಂಗಳ ಸಭೆಗೆ ಬಾರದವರಿಗೆ ದಂಡ ಬೀಳುತ್ತಿತ್ತು. ಆ ದಂಡದ ಹಣ ಪಂಪು, ಏಣಿ, ಕೊಕ್ಕೆಗಳ ಖರೀದಿಗೆ ಹೋಗುತ್ತಿತ್ತು. ಚಕ್ಕರ್ ಹೊಡೆದವರ ದುಡ್ಡಿನಲ್ಲಿ ಏಣಿ ಬಂದ ಕಥೆ ನನಗಂತೂ ಯಾವ ಲಾರಿಯ ಕಥೆಗಿಂತಲೂ ರುಚಿ.

ಲೇಖಕರು ಮುಟ್ಟದ ಇನ್ನೊಂದು ಸಂಗತಿ, ಜನ ಹೀಗೆ ಒಟ್ಟುಗೂಡುವುದನ್ನು ಕಂಡರೆ ಆಳುವವರಿಗೆ ಇದ್ದ ಗುಮಾನಿ. ಕ್ರಿ.ಶ. ಎರಡನೇ ಶತಮಾನದ ಆರಂಭದಲ್ಲಿ, ಇಂದಿನ ತುರ್ಕಿಯಲ್ಲಿದ್ದ ರೋಮನ್ ಪಟ್ಟಣ ನಿಕೊಮಿಡಿಯಾದಲ್ಲಿ ದೊಡ್ಡ ಬೆಂಕಿ ಬಿತ್ತು. ಜನ ಕೈಕಟ್ಟಿ ನೋಡುತ್ತ ನಿಂತರು, ಊರಲ್ಲಿ ಒಂದು ಪಂಪಾಗಲಿ ಬಕೆಟ್ಟಾಗಲಿ ಇರಲಿಲ್ಲ ಎಂದು ಗವರ್ನರ್ ಪ್ಲಿನಿ ರೋಮಿನ ಚಕ್ರವರ್ತಿ ಟ್ರಾಜನ್‌ಗೆ ಬರೆದ. 150 ಜನರ ದಳ ಕಟ್ಟಲು ಅಪ್ಪಣೆ ಕೇಳಿದ. ಟ್ರಾಜನ್ ಒಪ್ಪಲಿಲ್ಲ. ಯಾವ ಹೆಸರಲ್ಲಿ ಕೂಡಿದರೂ ಇಂಥವರು ಕಡೆಗೆ ರಾಜಕೀಯ ಕೂಟವಾಗುತ್ತಾರೆ, ಸಲಕರಣೆ ಕೊಡು ಸಾಕು, ದಳ ಬೇಡ ಎಂದ. ಸಲಕರಣೆಯೇ ಸಾಕು ಎಂಬ ಆ ಮಾತಿಗೂ ನಮ್ಮ ಇಂದಿನ ಸ್ಮರಣ ಸಂಚಿಕೆಗಳಿಗೂ ಹೆಚ್ಚು ದೂರವಿಲ್ಲ.

ಜರ್ಮನಿಯಲ್ಲೂ ಇದರ ನೆರಳು ಕಾಣುತ್ತದೆ. ಡುರ್ಲಾಖ್ ಎಂಬ ಸಣ್ಣ ಊರಿನಲ್ಲಿ 1846ರಲ್ಲಿ ಸ್ವಯಂಸೇವಕ ದಳ ಶುರುವಾಯಿತು. ಮರುವರ್ಷ ಫೆಬ್ರುವರಿಯಲ್ಲಿ ಪಕ್ಕದ ಕಾರ್ಲ್ಸ್‌ರೂಹೆಯ ಆಸ್ಥಾನ ರಂಗಮಂದಿರಕ್ಕೆ ಬೆಂಕಿ ಬಿದ್ದು 60ಕ್ಕೂ ಹೆಚ್ಚು ಜನ ಸತ್ತರು. ಕಸರತ್ತು ಕಲಿತಿದ್ದ ಈ ಸಣ್ಣೂರಿನವರು ಬಂದು ಬೆಂಕಿ ಹಬ್ಬದಂತೆ ತಡೆದರು, ಸುತ್ತಲ ಊರುಗಳೆಲ್ಲ ಅವರನ್ನು ನೋಡಿ ದಳ ಕಟ್ಟಿದವು. ಎರಡೇ ವರ್ಷದಲ್ಲಿ, ಪ್ರಜಾಪ್ರಭುತ್ವಕ್ಕಾಗಿ ಎದ್ದ ಕ್ರಾಂತಿಯ ಪರ ನಿಂತರೆಂದು ಅಂಥ ಕೆಲವು ದಳಗಳನ್ನು ಸರ್ಕಾರವೇ ಮುಚ್ಚಿಸಿತು.

ಪಂಪಿನ ಕಥೆಯನ್ನೇ ಹೇಳುವುದಾದರೂ ಅದನ್ನು ಒತ್ತಿದವರ ಕಡೆಯಿಂದ ಹೇಳಬಹುದು. ಎರಡೂ ಬದಿಯ ಉದ್ದನೆಯ ಹಿಡಿಗೋಲುಗಳನ್ನು ಒಂದು ಗುಂಪು ಒತ್ತಿದರೆ ಎದುರಿನ ಗುಂಪು ಎತ್ತಬೇಕು. ಕೆಲವೇ ನಿಮಿಷಕ್ಕೆ ತೋಳು ಸೋತು, ಲಯ ತಪ್ಪದಂತೆ ಬೇರೆಯವರು ಕೈ ಹಾಕಬೇಕು. ತೊಟ್ಟಿಗೆ ಹೊಯ್ಯಲು ಬಾವಿಯಿಂದ ಒಂದು ಸಾಲಿನಲ್ಲಿ ತುಂಬಿದ ಬಕೆಟ್‌ಗಳು ಬರುತ್ತವೆ, ಇನ್ನೊಂದು ಸಾಲಿನಲ್ಲಿ ಖಾಲಿ ಬಕೆಟ್‌ಗಳು ಹಿಂತಿರುಗುತ್ತವೆ. ಆ ಖಾಲಿ ಸಾಲಿನಲ್ಲಿ ಹೆಚ್ಚಾಗಿ ಹೆಂಗಸರು, ಮಕ್ಕಳು. ಸದಸ್ಯರ ಪಟ್ಟಿಯಲ್ಲಿ ಅವರ ಹೆಸರು ಹುಡುಕಿದರೆ ಸಿಗದು. ಕಳೆದ ಶತಮಾನದಲ್ಲಿ ಅಮೆರಿಕದ ಹಲವು ಹಳ್ಳಿಗಳಲ್ಲಿ ದಳದ ಫೋನು ಕೆಲವು ಸದಸ್ಯರ ಮನೆಗಳಲ್ಲಿ ಒಟ್ಟಿಗೇ ಹೊಡೆದುಕೊಳ್ಳುತ್ತಿತ್ತು. ಗಂಡ ಕೆಲಸಕ್ಕೆ ಹೋಗಿರುತ್ತಿದ್ದ. ಫೋನೆತ್ತಿ, ವಿಳಾಸ ಬರೆದುಕೊಂಡು, ಗುಂಡಿ ಒತ್ತಿ ಊರಿನ ಸೈರನ್ ಕೂಗಿಸುತ್ತಿದ್ದವಳು ಹೆಂಡತಿ. ಅದಕ್ಕಾಗಿ ಅವಳು ಮನೆ ಬಿಟ್ಟು ಕದಲುವಂತಿರಲಿಲ್ಲ.

ಒಂದು ತಕರಾರೂ ಇದೆ. 1853ರಲ್ಲಿ ಅಮೆರಿಕದ ಸಿನ್ಸಿನಾಟಿ ನಗರದಲ್ಲಿ ಸಂಬಳದ ದಳ ಬಂದದ್ದರೊಂದಿಗೆ ಸ್ವಯಂಸೇವಕರ ಕಾಲ ಮುಗಿಯಿತು ಎಂಬ ಧ್ವನಿ ಲೇಖನದಲ್ಲಿದೆ. ಮುಗಿದದ್ದು ದೊಡ್ಡ ನಗರಗಳಲ್ಲಿ ಮಾತ್ರ. ಜರ್ಮನಿಯ ಹಳ್ಳಿಗಳನ್ನು ಇಂದಿಗೂ ಕಾಯುತ್ತಿರುವವರು ಸ್ವಯಂಸೇವಕರೇ, ದೇಶದಲ್ಲಿ ಅಂಥವರು ಸುಮಾರು 10 ಲಕ್ಷ. ಚಿಲಿಯಲ್ಲಂತೂ ರಾಜಧಾನಿಯ ಬೆಂಕಿಯನ್ನೂ ಸಂಬಳವಿಲ್ಲದವರೇ ಆರಿಸುತ್ತಾರೆ.

ಸಂಖ್ಯೆ ಇಳಿಯುತ್ತಿರುವುದು ಮಾತ್ರ ದಿಟ. ಅಮೆರಿಕದಲ್ಲಿ 1984ರಲ್ಲಿ 9 ಲಕ್ಷದ ಹತ್ತಿರವಿದ್ದ ಸ್ವಯಂಸೇವಕರು 2020ರ ಹೊತ್ತಿಗೆ 6.77 ಲಕ್ಷಕ್ಕೆ ಬಂದರು. ಜಪಾನಿನಲ್ಲಿ 1950ರ ದಶಕದ ಆರಂಭದಲ್ಲಿ 20 ಲಕ್ಷದಷ್ಟಿದ್ದವರು ಈಗ 8 ಲಕ್ಷಕ್ಕೂ ಕಡಿಮೆ. ದುಡಿಯುವವರು ಹಗಲಲ್ಲಿ ದೂರದ ಕೆಲಸಕ್ಕೆ ಹೋಗುತ್ತಾರೆ, ಸೈರನ್ ಕೂಗಿದರೆ ಓಡಿಬರಲು ಊರಲ್ಲಿ ಜನವೇ ಇರುವುದಿಲ್ಲ. ತರಬೇತಿಯ ಗಂಟೆಗಳೂ ಹೆಚ್ಚಿವೆ. ಹೀಗೆ ಒಂದು ದಳ ಮುಚ್ಚಿದಾಗ ಲಾರಿಗೆ ಗಿರಾಕಿ ಸಿಗುತ್ತಾನೆ, ಹಾಜರಿ ಪುಸ್ತಕವನ್ನು ಕೇಳುವವರಿಲ್ಲ.

ಲೇಖಕರು ಇದರ ಮುಂದಿನ ಕಂತು ಬರೆಯುವುದಿದ್ದರೆ ದಯವಿಟ್ಟು ಅಂಥ ಪುಸ್ತಕಗಳನ್ನು ಕೇಳಿ ಪಡೆಯಲಿ. ಸಭೆಯ ನಡಾವಳಿ, ದಂಡದ ಲೆಕ್ಕ, ಯಾವ ಕರೆಗೆ ಯಾರು ಬಂದರು, ಎಷ್ಟು ಹೊತ್ತಿಗೆ ಹೊರಟರು ಎಂಬ ದಾಖಲೆ, ಎಲ್ಲ ಅದರಲ್ಲಿರುತ್ತದೆ. ಫೋನು ಕಾದ ಹೆಂಗಸರಲ್ಲಿ ಇನ್ನೂ ಇರುವವರನ್ನು ಮಾತನಾಡಿಸಿ, ಅವರ ಹೆಸರು ಹಾಕಿ ಬರೆಯಲಿ. ಜಾಗ ಸಾಲದಿದ್ದರೆ ಲಾರಿಯ ಫೋಟೊ ಒಂದೆರಡು ಬಿಟ್ಟರೂ ನಡೆಯುತ್ತದೆ.

ಇತಿ,
ನಿಮ್ಮ ಓದುಗ