ಇಟಲಿಯ ಬೊಲೊನ್ಯಾದಿಂದ ಬೀದರಿನ ದೋಸ್ತನಿಗೊಂದು ಪತ್ರ

ದೋಸ್ತ,

ಕ್ಯಾಂಪಸ್ ಫೋಟೋ ಕಳಿಸು ಅಂತ ಒಂದೇ ಸಮನೆ ಮೆಸೇಜ್ ಹಾಕುತ್ತಿದ್ದೀಯ. ಏನು ಕಳಿಸಲಿ? ಇಲ್ಲಿ ಕ್ಯಾಂಪಸ್ಸೇ ಇಲ್ಲ. ಗೇಟಿಲ್ಲ, ಕಾಂಪೌಂಡಿಲ್ಲ, ಐಡಿ ಕಾರ್ಡ್ ಕೇಳುವ ವಾಚ್‌ಮನ್ ಇಲ್ಲ. ಊರ ನಡುವೆ ಜಂಬೋನಿ ಅಂತ ಒಂದು ಬೀದಿ ಇದೆ. ಅಲ್ಲಿನ ಹಳೆ ಮನೆಗಳ ಬಾಗಿಲು ತಳ್ಳಿದರೆ ಒಂದರಲ್ಲಿ ಲೈಬ್ರರಿ, ಇನ್ನೊಂದರಲ್ಲಿ ಕ್ಲಾಸು, ಪಕ್ಕದಲ್ಲೇ ಪಿಜ್ಜಾ ಅಂಗಡಿ. ಊರೇ ಯೂನಿವರ್ಸಿಟಿ. 1088ರಲ್ಲಿ ಶುರುವಾಯಿತು ಅಂತ ಇವರ ಲೆಕ್ಕ. ಯುರೋಪಿನಲ್ಲಿ ಇದಕ್ಕಿಂತ ಹಳೆಯದು ಇಲ್ಲವಂತೆ. ನಮ್ಮ ಕಲ್ಯಾಣಕ್ಕೆ ಬಸವಣ್ಣ ಬರುವ ಮೊದಲೇ ಇಲ್ಲಿ ಹುಡುಗರು ಕಾನೂನು ಓದುತ್ತಿದ್ದರು.

ಬಂದ ಹೊಸದರಲ್ಲಿ ಓದಿನ ಕಡೆ ಲಕ್ಷ್ಯವೇ ಇರಲಿಲ್ಲ. ರೂಮ್ ಹುಡುಕುವುದೇ ಕೆಲಸ. ಇಲ್ಲಿ ರೂಮ್ ಅಂದರೆ ರೂಮ್ ಅಲ್ಲ, ರೂಮಿನಲ್ಲಿ ಒಂದು ಮಂಚ. ಅದಕ್ಕೂ ಜನ ಕ್ಯೂ ನಿಂತಿರುತ್ತಾರೆ. ಒಬ್ಬ ಮನೆ ಮಾಲೀಕ, ನಾನು ಮೆಟ್ಟಿಲು ಹತ್ತಿ ಮೇಲೆ ಹೋಗುವಷ್ಟರಲ್ಲಿ ಮಂಚವನ್ನು ಬೇರೆಯವನಿಗೆ ಕೊಟ್ಟುಬಿಟ್ಟಿದ್ದ. ಕಾಗದಪತ್ರದ ಕಥೆ ಚಿಕ್ಕದು. ದೇಶದಲ್ಲಿ ಇರಲು ಅನುಮತಿ ಬೇಕು, ಬಂದ ಎಂಟು ಕೆಲಸದ ದಿನದೊಳಗೆ ಅರ್ಜಿ ಹಾಕಬೇಕು. ಅರ್ಜಿ ಹಾಕುವುದು ಪೋಸ್ಟ್ ಆಫೀಸಿನಲ್ಲಿ. ಅದಕ್ಕೆ ಹಚ್ಚುವ 16 ಯೂರೋದ ಸ್ಟಾಂಪ್ ಸಿಗುವುದು ಮಾತ್ರ ಸಿಗರೇಟು ಮಾರುವ ಅಂಗಡಿಯಲ್ಲಿ! ನಮ್ಮ ಅಂಬೇಡ್ಕರ್ ಸರ್ಕಲ್ಲಿನ ಪಾನ್ ಡಬ್ಬಾದಲ್ಲಿ ಛಾಪಾ ಕಾಗದ ಕೇಳಿದ ಹಾಗೆ.

ಊರಿನ ತುಂಬಾ ಕಂಬಗಳ ಸಾಲು. ರಸ್ತೆ ಬದಿಯಲ್ಲಿ ಮಾಡು ಇರುವ ಓಣಿ ಅಂದುಕೋ. ಊರಿನ ಹಳೆ ನಡುಭಾಗವೊಂದರಲ್ಲೇ 38 ಕಿಲೋಮೀಟರ್ ಇದೆ. ಎಂಥ ಮಳೆ ಬಂದರೂ ಛತ್ರಿ ಬೇಡ. 2021ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಇದು ಯಾಕೆ ಬಂತು ಗೊತ್ತಾ? ಒಂದು ಕಾಲದಲ್ಲಿ ಓದಲು ಬರುವವರು, ದುಡಿಯಲು ಬರುವವರು ಜಾಸ್ತಿ ಆಗಿ ಊರಲ್ಲಿ ಜಾಗ ಸಾಲದಾಯಿತು. ಜನ ಮೇಲಿನ ಕೋಣೆಗಳನ್ನು ರಸ್ತೆಯ ಮೇಲೆ ಚಾಚಿ ಕಟ್ಟಿ, ಕೆಳಗೆ ಕಂಬ ನಿಲ್ಲಿಸಿದರು. ನಮ್ಮಲ್ಲಾದರೆ ನಗರಸಭೆಯವರು ಬಂದು ಒಡೆಯುತ್ತಿದ್ದರು. ಇವರು 1288ರಲ್ಲಿ, ಹೊಸ ಮನೆಗೆಲ್ಲ ಇದು ಇರಲೇಬೇಕು, ಕುದುರೆ ಸವಾರ ದಾಟುವಷ್ಟು ಎತ್ತರ ಇರಬೇಕು ಅಂತ ಕಾಯ್ದೆಯನ್ನೇ ಮಾಡಿದರು. ಏಳುನೂರು ವರ್ಷ ಆಯಿತು, ರೂಮು ಮಾತ್ರ ಇನ್ನೂ ಸಾಕಾಗಿಲ್ಲ ನೋಡು.

ನಾನು ಓದುವ ಅಂಕಿಅಂಶ ಶಾಸ್ತ್ರದ ಕ್ಲಾಸು ಒಂಬತ್ತಕ್ಕೆ ಅಂದರೆ ಒಂಬತ್ತೂಕಾಲಿಗೆ. ಯಾರೂ ತಪ್ಪು ತಿಳಿಯುವುದಿಲ್ಲ, ಆ ಹದಿನೈದು ನಿಮಿಷ ಪದ್ಧತಿಯಂತೆ. ಹಿಂದೆ ಹೀಗಿರಲಿಲ್ಲ. ಆಗ ಮೇಷ್ಟ್ರನ್ನು ನೇಮಿಸಿ ಸಂಬಳ ಕೊಡುತ್ತಿದ್ದವರೇ ವಿದ್ಯಾರ್ಥಿಗಳು. ಗಂಟೆ ಹೊಡೆದಾಗ ಪಾಠ ಶುರು ಮಾಡದಿದ್ದರೆ ಮೇಷ್ಟ್ರಿಗೆ ದಂಡ. ಕೇಳಲು ಐದು ಜನರೂ ಬರದಿದ್ದರೆ ಅವತ್ತು ಮೇಷ್ಟ್ರೇ ಗೈರುಹಾಜರು ಅಂತ ಬರೆದು ಮತ್ತೆ ದಂಡ. ನಮ್ಮ ಡಿಗ್ರಿ ಕಾಲದಲ್ಲಿ ಈ ಕಾನೂನು ಇದ್ದಿದ್ದರೆ ನಾವಿಬ್ಬರೂ ಸಾಹುಕಾರರಾಗುತ್ತಿದ್ದೆವು.

ಆ ಹುಡುಗರಿಗೆ ಅಷ್ಟು ಜೋರು ಬಂದದ್ದು ಸುಮ್ನೆ ಅಲ್ಲ. ಅವರೆಲ್ಲ ಪರಊರಿನವರು, ಇಲ್ಲಿ ಹೇಳುವವರು ಕೇಳುವವರು ಇರಲಿಲ್ಲ. ಒಬ್ಬ ಸಾಲ ಮಾಡಿ ಓಡಿಹೋದರೆ ಅದೇ ದೇಶದ ಇನ್ನೊಬ್ಬನನ್ನು ಹಿಡಿದು ವಸೂಲಿ ಮಾಡುತ್ತಿದ್ದರು. 12ನೇ ಶತಮಾನದಲ್ಲಿ ಫ್ರೆಡೆರಿಕ್ ಬಾರ್ಬರೋಸಾ ಅನ್ನುವ ಚಕ್ರವರ್ತಿ ಅದನ್ನು ನಿಲ್ಲಿಸಿದ. ಹುಡುಗರೂ ತಮ್ಮ ತಮ್ಮ ದೇಶದವರು ಗುಂಪು ಕಟ್ಟಿ, ತಮ್ಮೊಳಗಿನವನನ್ನೇ ರೆಕ್ಟರ್, ಅಂದರೆ ಮುಖ್ಯಸ್ಥ, ಮಾಡಿಕೊಂಡರು.

ಆರ್ಕಿಜಿನ್ನಾಸಿಯೋ ಅಂತ 1563ರ ಕಟ್ಟಡ ಇದೆ. ಗೋಡೆ, ಛಾವಣಿ ಎಲ್ಲಿ ನೋಡಿದರೂ ಹಳೆ ವಿದ್ಯಾರ್ಥಿಗಳ ಹೆಸರು, ಊರು, ಮನೆತನದ ಲಾಂಛನ. ಸುಮಾರು ಆರು ಸಾವಿರ ಉಳಿದಿವೆ. ಮೇಲೆ ಹೆಣ ಕೊಯ್ದು ಪಾಠ ಮಾಡುತ್ತಿದ್ದ ಕೋಣೆ. ಪೂರ್ತಿ ಮರದ್ದು, ನಡುವೆ ಅಮೃತಶಿಲೆಯ ಮೇಜು. ಮೇಷ್ಟ್ರ ಪೀಠದ ಎರಡೂ ಕಡೆ ಚರ್ಮ ಸುಲಿದ ಮನುಷ್ಯರ ಮರದ ಗೊಂಬೆಗಳು, ನರ-ಸ್ನಾಯು ಎಲ್ಲ ಎಣಿಸಬಹುದು. 1944ರ ಜನವರಿಯಲ್ಲಿ ಬಾಂಬ್ ಬಿದ್ದು ಈ ಕೋಣೆ ಪುಡಿಯಾಯಿತು. ಅವಶೇಷದಲ್ಲಿ ಸಿಕ್ಕ ಮರದ ತುಂಡುಗಳನ್ನೇ ಹುಡುಕಿ ಜೋಡಿಸಿ ಮತ್ತೆ ಕಟ್ಟಿದ್ದಾರೆ. ಆದರೆ ಅಲ್ಲೀಗ ಕ್ಲಾಸು ನಡೆಯುವುದಿಲ್ಲ. 1803ರಲ್ಲೇ ಯೂನಿವರ್ಸಿಟಿ ಬೇರೆ ಕಟ್ಟಡಕ್ಕೆ ಹೋಯಿತು, ಆಮೇಲೆ ಇದು ಊರಿನ ಲೈಬ್ರರಿ ಆಯಿತು.

ಅಲ್ಲಿ ನಿಂತಾಗ ನಿನಗೆ ಏನು ನೆನಪಾಗುತ್ತಿತ್ತೋ ನನಗೂ ಅದೇ ನೆನಪಾಯಿತು. ನಮ್ಮ ಗವಾನ್ ಮದರಸಾ. ಅದಕ್ಕೂ ಕಾರಣ ಇದೆ. ಕೊನೆಗೂ ಸಿಕ್ಕ ರೂಮಿನಲ್ಲಿ ಇನ್ನೊಂದು ಮಂಚ ಇರಾನಿನ ಹುಡುಗನದು, ರಷ್ತ್ ಊರಿನವನು. ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಹಿಂಡಿ ತಿನ್ನುತ್ತಾ ನಿಮ್ಮ ರಷ್ತ್ ಎಲ್ಲಿ ಬರುತ್ತೆ ಅಂದೆ. ಗಿಲಾನ್ ಪ್ರಾಂತ ಅಂದ. ಮಹಮೂದ್ ಗವಾನನ ಗಿಲಾನ್! ಅವನಿಗೆ ಗವಾನ್ ಯಾರು ಅಂತಲೇ ಗೊತ್ತಿರಲಿಲ್ಲ. ನಿಮ್ಮವನು ವ್ಯಾಪಾರಕ್ಕೆ ಅಂತ ನಮ್ಮೂರಿಗೆ ಬಂದ, ಬಹಮನಿ ಸುಲ್ತಾನರ ವಜೀರನಾದ, 1472ರಲ್ಲಿ ಮದರಸಾ ಕಟ್ಟಿದ, ದೂರ ದೂರದ ಪಂಡಿತರನ್ನು ಕರೆಸಿದ ಅಂತೆಲ್ಲ ಹೇಳಿದೆ. ಮೂರು ಸಾವಿರ ಹಸ್ತಪ್ರತಿ ಇತ್ತು, ಓದುವವರಿಗೆ ಊಟ-ವಸತಿ ಪುಕ್ಕಟೆ ಇತ್ತು ಅನ್ನುತ್ತಾರಲ್ಲ, ಅದನ್ನೂ ಹೇಳಿದೆ. ವಸತಿ ಅಂದಾಗ ಇಬ್ಬರೂ ಬಾಡಿಗೆ ನೆನೆದು ನಕ್ಕೆವು. ಆಮೇಲೆ ಏನಾಯಿತು ಅಂದ. ವೈರಿಗಳು ಸುಳ್ಳು ಪತ್ರ ಸೃಷ್ಟಿಸಿದರು, ಸುಲ್ತಾನ ನಂಬಿ 1481ರಲ್ಲಿ ತಲೆ ಕಡಿಸಿದ ಅಂದೆ. ಸ್ವಲ್ಪ ಹೊತ್ತು ರೊಟ್ಟಿ ಮುರಿಯುತ್ತಾ ಕೂತ. ‘ನಿಮ್ಮ ಸುಲ್ತಾನ ನಮ್ಮವನನ್ನು ಕೊಂದಿದ್ದಾನೆ, ಇವತ್ತು ಪಾತ್ರೆ ನೀನೇ ತೊಳಿ’ ಅಂದ. ತೊಳೆದೆ.

ತೊಳೆಯುತ್ತಾ ಅನಿಸಿದ್ದು ಹೇಳುತ್ತೇನೆ. ಮದ್ದು ಸಿಡಿದು ಮದರಸಾದ ಒಂದು ಮಿನಾರು ಬಿತ್ತು, ಅರ್ಧ ಗೋಡೆ ಹೋಯಿತು ಅಂತ ನಾವು ಮರುಗುತ್ತೇವೆ. ಇಲ್ಲಿಯೂ ಬಾಂಬ್ ಬಿದ್ದಿದೆ, ಕಟ್ಟಡ ಬಿಟ್ಟು ಹೋಗಿದ್ದಾರೆ. ಆದರೆ ಹೊರಗಿನವರು ಓದಲು ಬರುವುದು ನಿಲ್ಲಲಿಲ್ಲ. ನಮ್ಮಲ್ಲಿ ಅದು ನಿಂತುಹೋಯಿತು. ಈಗ ಬೀದರಿಗೆ ಓದಲು ಇರಾನಿನಿಂದ ಯಾರು ಬರುತ್ತಾರೆ ಹೇಳು? ನಾವೇ ಹೈದರಾಬಾದಿನ ಬಸ್ ಹತ್ತುತ್ತೇವೆ.

ಒಂದು ಕೆಲಸ ಇದೆ. ಮದರಸಾದ ಮೇಲೆ ನೀಲಿ-ಬಿಳಿ ಹಂಚಿನಲ್ಲಿ ಬರಹ ಇದೆಯಲ್ಲ, ನಾವು ಯಾವತ್ತೂ ಓದಿದವರಲ್ಲ. ಇವನು ಓದಿ ಹೇಳುತ್ತಾನಂತೆ. ಚೆನ್ನಾಗಿ ಫೋಟೋ ತೆಗೆದು ಕಳಿಸು. ಮುಖ ಪೂರ್ವಕ್ಕಿದೆ, ಬೆಳಿಗ್ಗೆಯೇ ಹೋಗು. ನಿನ್ನ ಒಡೆದ ಫೋನು ಬೇಡ, ಅಣ್ಣನದು ಇಸ್ಕೊಂಡು ಹೋಗು. ಹಾಗೇ ಇಟಲಿಗೆ ಎರಡು ಕಿಲೋ ಪಾರ್ಸೆಲ್‌ಗೆ ಎಷ್ಟಾಗುತ್ತೆ ಅಂತ ವಿಚಾರಿಸು. ಶೇಂಗಾ ಹಿಂಡಿ ಅವನೇ ಖಾಲಿ ಮಾಡಿದ.

ನಿನ್ನ ದೋಸ್ತ