ಭಾನುವಾರ ಕುಳೆಂಗೆ ಬರುವವರ ಗಮನಕ್ಕೆ

ವಾಸ್ಕೋ, ಮಡಗಾಂವ್ ಭಾಗದ ಸದಸ್ಯರಿಗೆ ನಮಸ್ಕಾರ. ಭಾನುವಾರ ಗೋವಾದ ಕುಳೆಂ ರೈಲು ನಿಲ್ದಾಣದಲ್ಲಿ ಸೇರುವುದು, ಅಲ್ಲಿಂದ ಕರ್ನಾಟಕದ ಕ್ಯಾಸಲ್‌ರಾಕ್‌ಗೆ ಘಟ್ಟ ಏರುವ ಹಳೆಯ ರೈಲು ಮಾರ್ಗವನ್ನು ನೋಡುವುದು ಖಚಿತ. ಬುತ್ತಿ ಅವರವರದು.

‘ಪಾರಂಪರಿಕ ಮಾರ್ಗ ಎನ್ನುತ್ತೀರಿ, ಅಲ್ಲಿ ಓಡುವುದು ಕಲ್ಲಿದ್ದಲಿನ ಗಾಡಿಗಳಲ್ಲವೇ?’ ಎಂದು ನಿನ್ನೆ ಕೇಳಿದವರಿಗೆ ಉತ್ತರ: ಹೌದು, ನೋಡಬೇಕಾದದ್ದೇ ಅದನ್ನು. ಪೋರ್ಚುಗೀಸರ ಆಳ್ವಿಕೆಯಲ್ಲಿ, 1880ರ ದಶಕದಲ್ಲಿ, ಮುರ್ಮಗೋವಾ ಬಂದರಿನ ವ್ಯಾಪಾರವನ್ನು ನೆಚ್ಚಿಕೊಂಡೇ ಹಾಕಿದ ಹಳಿ ಇದು. 1990ರ ದಶಕದಲ್ಲಿ ಕಿರಿದಾದ ಮೀಟರ್ ಗೇಜ್ ಹಳಿ ಹೋಗಿ ಅಗಲವಾದ ಬ್ರಾಡ್‌ಗೇಜ್ ಬಂತು. ಘಟ್ಟ ಮಾತ್ರ ತಗ್ಗಲಿಲ್ಲ. 37 ಅಡಿ ಸಾಗಿದರೆ ಒಂದು ಅಡಿ ಏರು! ಬಳ್ಳಾರಿ ಕಡೆಯ ಉಕ್ಕಿನ ಕಾರ್ಖಾನೆಗೆ ಕಲ್ಲಿದ್ದಲು ಹೊತ್ತ ಗಾಡಿಗೆ ಹಿಂಭಾಗದಲ್ಲೂ ಎಂಜಿನ್‌ಗಳನ್ನು ಜೋಡಿಸುತ್ತಾರೆ. ಮುಂದಿನವು ಎಳೆಯುತ್ತವೆ, ಹಿಂದಿನವು ತಳ್ಳುತ್ತವೆ. ಹೊರಡುವ ಗಳಿಗೆಯಲ್ಲಿ ವ್ಯಾಗನ್‌ಗಳ ಕೊಂಡಿಗಳು ಸಾಲಾಗಿ ಬಿಗಿಯಾಗುವ ಸದ್ದನ್ನು ತಪ್ಪದೇ ಕೇಳಿ. ಸರಕು ಇಲ್ಲದಿದ್ದರೆ ಈ ಮಾರ್ಗ ಎಂದೋ ಮೂಲೆ ಸೇರುತ್ತಿತ್ತು ಎಂಬುದು ನನ್ನ ಅಭಿಪ್ರಾಯ.

ಪಕ್ಕದಲ್ಲಿ ಇನ್ನೊಂದು ಹಳಿ ಹಾಕಿ ಜೋಡಿ ಮಾರ್ಗ ಮಾಡುವ ವಿಷಯ ಬೇರೆ. ಕ್ಯಾಸಲ್‌ರಾಕ್–ಕುಳೆಂ ನಡುವಿನ ಆ ಯೋಜನೆಗೆ ದೊರೆತಿದ್ದ ವನ್ಯಜೀವಿ ಮಂಡಳಿಯ ಒಪ್ಪಿಗೆಯನ್ನು ಸುಪ್ರೀಂ ಕೋರ್ಟ್ 2022ರಲ್ಲಿ ರದ್ದುಪಡಿಸಿತು. ಕಲ್ಲಿದ್ದಲಿನ ದೂಳಿನ ಬಗ್ಗೆ ಬಂದರಿನ ಪಕ್ಕದ ವಾಸ್ಕೋದವರ ಸಿಟ್ಟೂ ನ್ಯಾಯವಾದದ್ದೇ. ವಾದ ಮಾಡುವವರು ಊಟವಾದ ಮೇಲೆ ಮಾಡಿ.

ಹಳಿಯ ಮೇಲೆ ದೂಧ್‌ಸಾಗರ ಜಲಪಾತದವರೆಗೆ ನಡೆಯುವ ಆಸೆ ಯಾರಿಗೂ ಬೇಡ. ರೈಲ್ವೆ ಕಾಯ್ದೆಯ 147ನೇ ಕಲಮಿನಲ್ಲಿ ದಂಡವೂ ಇದೆ, ಸೆರೆವಾಸವೂ ಇದೆ. ಮಕ್ಕಳ ಕೈ ಬಿಡಬೇಡಿ, ಕೊಡೆ ಮರೆಯಬೇಡಿ. ಬರುವವರು ಶುಕ್ರವಾರ ಸಂಜೆಯೊಳಗೆ ಇಲ್ಲಿಯೇ ಹೆಸರು ಬರೆಯಿರಿ.