ಹಾಲಿನ ಲೆಕ್ಕ ತಪ್ಪಿದಾಗ

ಮಾನ್ಯರೇ,

ಮರೆವಿನ ಕಾಯಿಲೆಯನ್ನು ಮಿದುಳಿನ ಸ್ಕ್ಯಾನ್ ಮೊದಲೇ ಹಿಡಿಯುತ್ತದೆ ಎಂಬ ಸುದ್ದಿ ಬಂದಾಗಲೆಲ್ಲ ನನ್ನಂಥವರ ಮನೆಯಲ್ಲಿ ದುಡ್ಡು ಹೊಂದಿಸುವ ಮಾತು ಶುರುವಾಗುತ್ತದೆ. ಅದಕ್ಕೇ ಈ ಪತ್ರ.

ನಮ್ಮ ಅತ್ತೆಯವರು ನಲವತ್ತು ವರ್ಷ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆದವರು. ಹೋದ ವರ್ಷ ಒಂದೇ ತಾರೀಖಿನ ಚೌಕದಲ್ಲಿ ‘ಅರ್ಧ ಲೀಟರ್’ ಎಂದು ಮೂರು ಸಲ ಬರೆದದ್ದು ಕಂಡಿತು. ಅಡುಗೆ, ಪೂಜೆ ಎಂದಿನಂತೆಯೇ ಸಾಗಿದ್ದವು. ಅರವತ್ತರ ಅರಳು ಮರಳು ಎಂದು ನಕ್ಕೆವು, ಅವರಿಗಾಗಲೇ ಎಪ್ಪತ್ತಾರು! ವೈದ್ಯರು ‘ಎಂಸಿಐ’ (ಮೈಲ್ಡ್ ಕಾಗ್ನಿಟಿವ್ ಇಂಪೇರ್‌ಮೆಂಟ್) ಎಂದರು. ವಯಸ್ಸಿನ ಮರೆವಿಗಿಂತ ಹೆಚ್ಚು, ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆಗಿಂತ ಕಡಿಮೆ.

ಸ್ಕ್ಯಾನಿನ ವಿಷಯಕ್ಕೆ ಬಂದರೆ, ನಾವು ಸುಮ್ಮನೆ ಮಲಗಿರುವಾಗಲೂ ಮಿದುಳಿನ ದೂರದೂರದ ಕೆಲವು ಭಾಗಗಳ ಚಟುವಟಿಕೆ ಒಂದೇ ಲಯದಲ್ಲಿ ಏರಿಳಿಯುತ್ತದೆ. ಎಂಆರ್‌ಐ ಸ್ಕ್ಯಾನ್ ಇದನ್ನು ಅಳೆಯಬಲ್ಲದು. ಎಂಸಿಐ ಇರುವವರಲ್ಲಿ ನೆನಪನ್ನು ಕೂಡಿಡುವ ಹಿಪೊಕ್ಯಾಂಪಸ್‌ಗೂ ಮಿದುಳಿನ ಹಿಂಬದಿಯ ನಡುಭಾಗಕ್ಕೂ ಇರುವ ಈ ನಂಟು ಸಡಿಲಾಗಿರುವುದನ್ನು ಹಲವು ಅಧ್ಯಯನಗಳು ಕಂಡಿವೆ. ವಿಚಿತ್ರವೆಂದರೆ, ಕೆಲವೊಮ್ಮೆ ಮುಂಭಾಗದ ನಂಟು ಬಿಗಿಯಾಗುತ್ತದೆ. ಒಬ್ಬ ಮೇಷ್ಟರು ರಜೆ ಹಾಕಿದರೆ ಪಕ್ಕದವರು ಎರಡು ತರಗತಿ ಕೂಡಿಸಿಕೊಂಡು ಪಾಠ ಮಾಡಿದ ಹಾಗೆ ಎಂದು ನನಗನ್ನಿಸಿತು. ಇದು ಮಿದುಳು ಸುಧಾರಿಸಿಕೊಳ್ಳುವ ಬಗೆಯೋ ಅಥವಾ ಕಾಯಿಲೆಯದೇ ಲಕ್ಷಣವೋ ಎಂಬ ವಾದ ತಜ್ಞರಲ್ಲಿ ಇನ್ನೂ ಮುಗಿದಿಲ್ಲ.

ಆದರೆ ಇವೆಲ್ಲ ಗುಂಪುಗಳ ಸರಾಸರಿ. ಯಂತ್ರ ಬದಲಾದರೆ, ಮಲಗಿದವರು ತಲೆ ಅಲ್ಲಾಡಿಸಿದರೆ ಅಳತೆಯೂ ಬದಲಾಗುತ್ತದೆ. ನಂಟು ಸಡಿಲಾದ ಮಾತ್ರಕ್ಕೆ ನಾಳೆ ಡಿಮೆನ್ಷಿಯಾ ಬರುತ್ತದೆ ಎಂದು ಒಬ್ಬರ ಚಿತ್ರ ನೋಡಿ ಹೇಳಲಾಗದು. ಎಂಸಿಐ ಇರುವ ಅನೇಕರು ವರ್ಷಗಟ್ಟಲೆ ಹಾಗೆಯೇ ಇರುತ್ತಾರೆ, ಕೆಲವರು ಸುಧಾರಿಸುವುದೂ ಉಂಟು.

ಹೀಗಿದ್ದೂ ಒಂದು ಖಾಸಗಿ ಕೇಂದ್ರದವರು ಅತ್ತೆಯವರ ಕಿವಿ ಕೇಳಿಸುತ್ತದೆಯೇ ಎಂದೂ ವಿಚಾರಿಸದೆ ಮೊದಲು ಸ್ಕ್ಯಾನಿಗೆ ಚೀಟಿ ಬರೆದರು. ನೆನಪಿನ ಪರೀಕ್ಷೆಯ ಪ್ರಶ್ನೆಗಳು ಇಂಗ್ಲಿಷಿನಲ್ಲಿ! ನಾಲ್ಕನೇ ತರಗತಿ ಓದಿದವರು ಏನು ಹೇಳಿಯಾರು? ಕೊನೆಗೆ ಬೇರೊಬ್ಬ ವೈದ್ಯರು ಕನ್ನಡದಲ್ಲೇ ಕೂತು ಕೇಳಿದರು. ರಕ್ತ ಪರೀಕ್ಷೆಯಲ್ಲಿ ಬಿ12 ವಿಟಮಿನ್ ಕಡಿಮೆ ಎಂದು ಗೊತ್ತಾಯಿತು; ಅದರ ಕೊರತೆಯಿಂದಲೂ ಮರೆವು ಬರಬಹುದು.

ಸಂಶೋಧನೆಗೆ ಸ್ಕ್ಯಾನ್ ಬೇಕು, ಬೇಡವೆನ್ನುವುದಿಲ್ಲ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದವರ ಮಿದುಳಿನ ಆರೋಗ್ಯವನ್ನು ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರ ದೀರ್ಘಕಾಲ ಗಮನಿಸುವ ಕೆಲಸಕ್ಕೆ ಕೈಹಾಕಿದೆ. ಜನಸಾಮಾನ್ಯರಿಗೆ ಬೇಕಾದದ್ದು ತಾಲ್ಲೂಕು ಆಸ್ಪತ್ರೆಯಲ್ಲಿ ಕನ್ನಡದ ಪ್ರಶ್ನಾವಳಿ, ತರಬೇತಾದ ಒಬ್ಬ ನರ್ಸ್, ಬಿಪಿ, ಥೈರಾಯ್ಡ್, ಬಿ12, ಕಿವಿಯ ತಪಾಸಣೆ.

ಅತ್ತೆಯವರಿಗೆ ಈಗ ಬಿ12 ಚುಚ್ಚುಮದ್ದು ನಡೆದಿದೆ. ಆರು ತಿಂಗಳಿಗೆ ಮತ್ತೆ ಪರೀಕ್ಷೆ ಮಾಡಿಸಿ ಎಂದಿದ್ದಾರೆ. ಅದಕ್ಕೆ ಬೆಳಿಗ್ಗೆ ಐದರ ಬಸ್ಸು ಹತ್ತಿ ಬೆಂಗಳೂರಿಗೇ ಹೋಗಬೇಕು.

— ನಿವೃತ್ತ ಶಿಕ್ಷಕಿ, ತಿಪಟೂರು